ತೌನೋ ಬಾಯಿ ಬಿಟ್ಟ ದಿನ

ತೌನೋ ಮಾಡಿದ ತಪ್ಪು ಒಂದೇ: ಎದುರು ಮನೆಯ ಹೆಲ್ವಿಯ ಹತ್ತಿರ ಇಸ್ತ್ರಿಪೆಟ್ಟಿಗೆ ಕೇಳಿದ್ದು.

ಕೋಟ್ಕಾ ಬಂದರಿನಲ್ಲಿ ಹದಿನೆಂಟು ವರ್ಷ ಕ್ರೇನ್ ಓಡಿಸಿದ್ದವನು ಅವನು. ಅಷ್ಟೆತ್ತರದಲ್ಲಿ ಒಬ್ಬನೇ ಕೂತು ಕೂತು ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ತೊಂಬತ್ತೆರಡನೇ ಇಸವಿಯಲ್ಲಿ ಹಡಗುಗಳು ಬರುವುದು ನಿಂತು ಅವನನ್ನು ಕೆಳಗಿಳಿಸಿದ ಮೇಲೆ ಹನ್ನೊಂದು ಸಂದರ್ಶನಕ್ಕೆ ಹೋಗಿ ಬಂದಿದ್ದ. ಎಲ್ಲ ಕಡೆಯೂ ಕೇಳಿದ್ದಕ್ಕೆಲ್ಲ 'ಹ್ಞೂಂ' ಎಂದಿದ್ದ. ಇವತ್ತು ಹತ್ತು ಗಂಟೆಗೆ ಹನ್ನೆರಡನೆಯದು. ಸಾಲ್ಮಿ ಎಂಬವರ ಬೇಕರಿಯಲ್ಲಿ, ಬ್ರೆಡ್ಡಿನ ಗಾಡಿಗಳಿಗೆ ಸರಕು ತುಂಬಿಸಿ ಕಳಿಸುವ ಕೆಲಸ.

ಹೆಲ್ವಿ ಪೆಟ್ಟಿಗೆ ಕೊಡಲಿಲ್ಲ, ಅಂಗಿಯನ್ನೇ ಕಿತ್ತುಕೊಂಡಳು. ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬಡಿಸಿದ ಕೈ. ಹೋದ ವರ್ಷ ಆ ಶಾಲೆ ಮುಚ್ಚಿದಾಗಿನಿಂದ ಆ ಶಕ್ತಿಯೆಲ್ಲ ಮಹಡಿಯ ನೆರೆಹೊರೆಯವರ ಮೇಲೆ ಖರ್ಚಾಗುತ್ತಿತ್ತು. ಉಪದೇಶ ಮಾಡುತ್ತ ಇಸ್ತ್ರಿ ಮಾಡಿದ್ದರಿಂದ ಕಾಲರು ಸುಟ್ಟಿತು. ಬದಲಿಗೆ ಗಂಡ ಒನ್ನಿಯ ಅಂಗಿ ಕೊಟ್ಟಳು. ಅದರ ತೋಳು ತೌನೋನ ಮೊಣಕೈಯಿಂದ ನಾಲ್ಕು ಬೆರಳು ಕೆಳಗೇ ಮುಗಿದುಹೋಯಿತು.

ಅಷ್ಟರಲ್ಲಿ ತೌನೋನ ಕೂದಲು ಕತ್ತರಿಸುತ್ತೇನೆಂದು ಒನ್ನಿ ಕತ್ತರಿ ಹಿಡಿದು ಬಂದ. ಎಡಗಡೆ ಸ್ವಲ್ಪ ಕತ್ತರಿಸಿದ, ಸರಿಮಾಡಲು ಬಲಗಡೆ ಇನ್ನೂ ಸ್ವಲ್ಪ, ಮತ್ತೆ ಎಡಗಡೆ. ಕನ್ನಡಕ ಹಾಕಿಕೊಂಡಿಲ್ಲವೆಂದು ಅವನಿಗೆ ನೆನಪಾಗುವ ಹೊತ್ತಿಗೆ ತೌನೋನ ತಲೆ ಮೇಕೆ ಮೇದ ಎಲೆಕೋಸಿನಂತಾಗಿತ್ತು.

"ನೀನೊಬ್ಬನೇ ಹೋದ್ರೆ ಬಾಯಿ ಬಿಡಲ್ಲ. ನಡಿ, ನಾನೂ ಬರ್ತೀನಿ," ಎಂದು ಹೆಲ್ವಿ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಹೊರಟೇಬಿಟ್ಟಳು.

ಬೇಕರಿಯ ಅಂಗಳದಲ್ಲಿ ಮಾರ್ಚ್ ತಿಂಗಳ ಕೆಸರು ಹಿಮ, ಅದರಲ್ಲಿ ತೊಂಬತ್ತು ಜನ. ಕೆಲಸ ಒಂದೇ. ಯಾರು ಮುಂದೆ ಯಾರು ಹಿಂದೆ ಎಂದು ಆಗಲೇ ಇಬ್ಬರು ಒಬ್ಬರ ಕೋಟನ್ನೊಬ್ಬರು ಹಿಡಿದಿದ್ದರು. ಹೆಲ್ವಿ ಅವರಿಬ್ಬರ ನಡುವೆ ನುಗ್ಗಿ, ಎರಡನೇ ತರಗತಿಯವರಿಗೆ ಹೇಳುವಂತೆ ಹೇಳಿ ಬಿಡಿಸಿದಳು. ಕಾಗದದ ಚೂರುಗಳಲ್ಲಿ ನಂಬರು ಬರೆದು ಹಂಚಿದಳು. ಚಳಿಗೆ ನಡುಗುತ್ತಿದ್ದ ಮುದುಕನಿಗೆ ಕಾಫಿ ಕೊಟ್ಟಳು. ಹತ್ತೇ ನಿಮಿಷಕ್ಕೆ ತೊಂಬತ್ತು ಜನ ಗೆರೆ ಎಳೆದ ಹಾಗೆ ನಿಂತರು. ತನ್ನ ಜೊತೆಯವನೆಂಬ ದಾಕ್ಷಿಣ್ಯವೂ ಇಲ್ಲದೆ ತೌನೋನಿಗೆ ಅರವತ್ತೇಳನೆಯ ನಂಬರು ಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ಅವನ ಸರದಿ ಬಂತು. ಸಾಲ್ಮಿ ಆ ತಲೆಯನ್ನೂ ತೋಳನ್ನೂ ನೋಡಿ, ಮೀಸೆಯೊಳಗೆ ನಗು ತಡೆದುಕೊಂಡು, ಅನುಭವ ಇದೆಯೇ, ಬೆಳಿಗ್ಗೆ ಬೇಗ ಏಳಬಲ್ಲೆಯಾ ಎಂದು ಕೇಳಿದರು. ತೌನೋ ಎರಡು ಸಲ 'ಹ್ಞೂಂ' ಎಂದ. ಸಾಲ್ಮಿ ನಿಟ್ಟುಸಿರಿಟ್ಟು ಕಿಟಕಿಯ ಕಡೆ ತಿರುಗಿದರು.

"ಅಲ್ಲಿ ಹೊರಗೆ ಇರೋ ಆ ಹೆಂಗಸು ಯಾರಪ್ಪ?"

ತೌನೋನಿಗೆ ಏನಾಯಿತೋ. ಬೆಳಗಿನಿಂದ ತನಗಾಗಿ ಚಳಿಯಲ್ಲಿ ನಿಂತವಳನ್ನು ಓಡಿಸಿಬಿಡುತ್ತಾರೆಂದು ಗಾಬರಿಯಾಗಿ ಬಾಯಿ ತೆರೆದ. ಅವಳು ನಾನೂರು ಮಕ್ಕಳನ್ನು ಇಪ್ಪತ್ತು ನಿಮಿಷದಲ್ಲಿ ಉಣ್ಣಿಸುತ್ತಿದ್ದುದು, ಒಂದು ದಿನವೂ ತಡಮಾಡದ್ದು, ಒಂದು ಮಗುವಿನ ಹೆಸರನ್ನೂ ಮರೆಯದ್ದು, ಕೆಲಸ ಹೋದ ದಿನವೂ ಪಾತ್ರೆ ಉಜ್ಜಿಯೇ ಮನೆಗೆ ಬಂದದ್ದು, ಎಲ್ಲ ಹೇಳಿದ. ಹತ್ತು ನಿಮಿಷ ನಿಲ್ಲಲಿಲ್ಲ. ಹದಿನೆಂಟು ವರ್ಷ ಕ್ರೇನಿನಲ್ಲಿ ಕೂಡಿಟ್ಟಿದ್ದ ಮಾತೆಲ್ಲ ಆ ಕೋಣೆಯಲ್ಲಿ ಸುರಿದುಬಿಟ್ಟ. ತನ್ನ ದನಿ ಇಷ್ಟು ಚೆನ್ನಾಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಸಾಲ್ಮಿ ಎದ್ದು ಬಂದು ಅವನ ಕೈ ಕುಲುಕಿದರು. ತೌನೋನ ಎದೆ ಉಬ್ಬಿತು.

"ಸಂದರ್ಶನ ಮುಗೀತು. ಬೆಳಗಿಂದ ಕೇಳಿದ್ರಲ್ಲಿ ಇಷ್ಟು ಒಳ್ಳೆ ಮಾತು ಇನ್ನೊಂದಿಲ್ಲ," ಎಂದರು ಸಾಲ್ಮಿ. "ಆಕೆಗೆ ಹೇಳು, ನಾಳೆಯಿಂದಲೇ ಬರಲಿ."

ದಾರಿಯುದ್ದಕ್ಕೂ ಮಾತಿಲ್ಲದೆ ನಡೆದವಳು ಈ ಸಲ ಹೆಲ್ವಿ. ಕಣ್ಣೊರೆಸಿಕೊಳ್ಳುವಳು, ನಗುವಳು, ಮತ್ತೆ ಕಣ್ಣೊರೆಸಿಕೊಳ್ಳುವಳು. ತೌನೋನಿಗೂ ಯಾಕೋ ಹೊಟ್ಟೆಕಿಚ್ಚಾಗದೆ ನಗುವೇ ಬಂತು. ಮೆಟ್ಟಿಲು ಹತ್ತುವಾಗ ಅವಳು ತಟ್ಟನೆ ನಿಂತಳು.

"ಅಲ್ಲ ಕಣೋ, ಮಧ್ಯಾಹ್ನ ನಾನಿಲ್ದೆ ಹೋದ್ರೆ ಒನ್ನಿಗೆ ಊಟ? ಆಲೂಗಡ್ಡೆ ಬೇಯಿಸೋಕೂ ಬರಲ್ಲ ಅವನಿಗೆ. ನೀನು ಹೇಗೂ ಮನೇಲೇ ಇರ್ತೀಯಲ್ಲ?"

ಸುದ್ದಿಯೆಲ್ಲ ಕೇಳಿದ ಒನ್ನಿ ಅಡುಗೆಮನೆಯ ಮೇಜಿನ ಹಿಂದೆ ನೆಟ್ಟಗೆ ಕೂತ. ಕನ್ನಡಕ ಹುಡುಕಿ ಹಾಕಿಕೊಂಡ. ತೌನೋನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದ.

"ಕೂತ್ಕೊಪ್ಪ," ಎಂದ. "ಸಂಬಳದ ವಿಷಯ ಎತ್ತಬೇಡ. ಮೀನಿನ ಸಾರು ಮಾಡಿ ಎಷ್ಟು ವರ್ಷದ ಅನುಭವ ಇದೆ?"