ಮಗಳ ಪಾದ, ನನ್ನ ಬಾಯಿ

ಊರಿಗೆಲ್ಲ ಬುದ್ಧಿ ಹೇಳುವವರ ಮನೆಯಲ್ಲಿ ಹುಟ್ಟಿದ ಮಕ್ಕಳನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಅಯ್ಯೋ ಪಾಪ ಅನ್ನಿಸುತ್ತಿತ್ತು. ನಮ್ಮ ಶಾಲೆಯ ಹೆಡ್‌ಮಾಸ್ಟರ ಮಗ ಒಂದು ಪೆನ್ಸಿಲ್ ಕಳೆದುಕೊಂಡರೂ ಅದು ಇಡೀ ಶಾಲೆಗೆ ಪಾಠವಾಗುತ್ತಿತ್ತು. ಸದ್ಯ ನಮ್ಮಪ್ಪ ಬಟ್ಟೆ ಅಂಗಡಿಯಲ್ಲಿದ್ದಾರೆ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಅಂಥ ನಾನೇ ಈಗ ಬಸವೇಶ್ವರನಗರದ ನಮ್ಮ ಪುಟ್ಟ ಕನ್ನಡ ಚರ್ಚಿನಲ್ಲಿ ಒಂಬತ್ತು ವರ್ಷದಿಂದ ಹದಿಹರೆಯದ ಮಕ್ಕಳಿಗೆ ಯೌವನಸ್ಥರ ಕೂಟ ನಡೆಸುತ್ತಿದ್ದೇನೆ. ಮನೆಯಲ್ಲಿ ಹದಿನೈದು ವರ್ಷದ ಮಗಳಿದ್ದಾಳೆ, ಹೆಸರು ಕೃಪಾ. ಈಚೆಗೆ ಅವಳು ನನ್ನ ಜೊತೆ ಹದಿಮೂರು ದಿನ ಮಾತು ಬಿಟ್ಟಿದ್ದಳು. ತಪ್ಪು ನನ್ನದೇ. ಆದರೆ ಅದನ್ನು ಒಪ್ಪಿಕೊಳ್ಳುವ ಮೊದಲು ಒಂದಷ್ಟು ಬೇರೆಯವರನ್ನು ಬೈದುಬಿಡುತ್ತೇನೆ, ಮನಸ್ಸು ಹಗುರವಾಗುತ್ತದೆ.

ಈ ಕೆಲಸ ನಾನು ಕೇಳಿ ಪಡೆದದ್ದಲ್ಲ. ನಮ್ಮ ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ಅವರು ಒಂದು ಭಾನುವಾರ, "ಮಕ್ಕಳ ಜವಾಬ್ದಾರಿಗೆ ಯಾರಾದರೂ ಮುಂದೆ ಬನ್ನಿ" ಅಂದಾಗ ಎಲ್ಲರೂ ತಲೆ ತಗ್ಗಿಸಿ ಭಕ್ತಿಯಲ್ಲಿ ಮುಳುಗಿಬಿಟ್ಟರು. ನಾನೊಬ್ಬಳು ಫ್ಯಾನ್ ಯಾಕೆ ನಿಂತಿತು ಎಂದು ತಲೆ ಎತ್ತಿದೆ. ಅಷ್ಟೇ, ಸಿಕ್ಕಿಬಿದ್ದೆ. ಈ ವರ್ಷ ನಮ್ಮ ಪಾಠದ ವಿಷಯ ಶಿಷ್ಯತ್ವ. ಎರಡು ವಾರ ಕೂತು ಟಿಪ್ಪಣಿ ಮಾಡಿಕೊಂಡು ಹೋಗಿ, ಮೊದಲ ದಿನ "ಶಿಷ್ಯ ಅಂದ್ರೆ ಯಾರು, ಹೇಳಿ ನೋಡೋಣ" ಅಂದೆ. ಒಂಬತ್ತನೇ ಕ್ಲಾಸಿನ ಡೇನಿ ಕೈ ಎತ್ತಿದ. "ಆಂಟಿ, ಗಾಡಿ ಅಡ್ಡ ನಿಲ್ಸಿರ್ತಾನಲ್ಲ, ಅವನು. ಏ ಶಿಷ್ಯಾ, ಸ್ವಲ್ಪ ಹಿಂದ್ ತಗೋ ಅಂತೀವಲ್ಲ." ನಾನು ಹಲ್ಲು ಕಚ್ಚಿಕೊಂಡು, "ಹಾಗಾದ್ರೆ ಗುರು ಯಾರಪ್ಪಾ?" ಅಂದೆ. "ಅವನೇ ಆಂಟಿ. ಹಿಂದ್ ತಗೊಂಡ್ರೆ ಥ್ಯಾಂಕ್ಸ್ ಗುರು ಅಂತೀವಿ." ಹದಿನಾಲ್ಕು ಮಕ್ಕಳೂ ಹೌದೆಂದು ತಲೆಯಾಡಿಸಿದರು. ನಾನು ಟಿಪ್ಪಣಿ ಮಡಚಿ ಚೀಲಕ್ಕೆ ಹಾಕಿದೆ.

ಮಕ್ಕಳನ್ನಾದರೂ ಸಹಿಸಬಹುದು, ಅಪ್ಪ ಅಮ್ಮಂದಿರನ್ನು ಸಹಿಸುವುದು ಕಷ್ಟ. ಭಾನುವಾರ ಮಧ್ಯಾಹ್ನ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸುತ್ತಾರೆ, ಇಂಜಿನ್ ಆಫ್ ಮಾಡುವುದಿಲ್ಲ. "ಮೇಡಂ, ಇವ್ಳು ಎದುರುತ್ತರ ಕೊಡ್ತಾಳೆ, ಸ್ವಲ್ಪ ಹೇಳಿ" ಎಂದು ಮಗುವನ್ನು ಇಳಿಸಿ ಹೊರಟುಬಿಡುತ್ತಾರೆ, ಮಿಕ್ಸಿ ರಿಪೇರಿಗೆ ಕೊಟ್ಟ ಹಾಗೆ. ಸಂಜೆ ಬಂದು ಸರಿಹೋಯಿತಾ ಎಂದು ಕೇಳುತ್ತಾರೆ. ಮಗು ಹತ್ತನೇ ಕ್ಲಾಸಿಗೆ ಬಂತೆಂದರೆ ಅದೂ ಇಲ್ಲ. ಟ್ಯೂಷನ್ ಇದೆ ಮೇಡಂ, ಬೋರ್ಡ್ ಎಕ್ಸಾಮ್ ಮುಗೀಲಿ, ಏಪ್ರಿಲ್‌ನಲ್ಲಿ ಕಳಿಸ್ತೀವಿ ಅನ್ನುತ್ತಾರೆ. ಅಲ್ಲಿಯವರೆಗೆ ದೇವರಿಗೆ ರಜೆ. ನಂಬಿಕೆ ಮನೆಯಲ್ಲಿ ಕಲಿಯಬೇಕಾದದ್ದು, ನೀವು ಮಕ್ಕಳ ಮಾತು ಕೂತು ಕೇಳಿಸಿಕೊಳ್ಳಿ ಎಂದು ನಾನು ಒಂಬತ್ತು ವರ್ಷದಿಂದ ಗಂಟಲು ಹರಿದುಕೊಂಡಿದ್ದೇನೆ. ಯಾರ ಕಿವಿಗೂ ಬಿದ್ದಂತಿಲ್ಲ.

ಸರಿ, ಬೈದದ್ದಾಯಿತು. ಈಗ ನನ್ನ ಸರದಿ. ಒಂದು ಸಂಜೆ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಕೃಪಾ ಬಂದು ಪಕ್ಕದಲ್ಲಿ ನಿಂತು ಒಂದೆರಡು ಕಡ್ಡಿ ಬಿಡಿಸಿದಳು. ಆಮೇಲೆ, "ಅಮ್ಮಾ, ಪ್ರೇಯರ್ ಮಾಡಿದ್ರೆ ಏನೂ ಅನ್ಸಲ್ಲ ಕಣಮ್ಮಾ. ಆ ಕಡೆ ಯಾರೂ ಕೇಳಿಸ್ಕೊಳ್ತಾ ಇಲ್ಲ ಅನ್ಸತ್ತೆ" ಅಂದಳು. ಬೇರೆಯವರ ಮಗು ಹೀಗಂದಿದ್ದರೆ ನಾನು "ಹೇಳು ಪುಟ್ಟಾ" ಎಂದು ಒಂದು ಗಂಟೆ ಕೂತು ಕೇಳುತ್ತಿದ್ದೆ. ನನ್ನದೇ ಮಗುವಾದ್ದರಿಂದ, "ಯಾವಾಗಿಂದ? ಯಾರ ಸಹವಾಸ ಇದು?" ಅಂದೆ. ಅವಳು ಕೈಯಲ್ಲಿದ್ದ ಕಡ್ಡಿ ಅಲ್ಲೇ ಬಿಟ್ಟು ಹೋದಳು. ನನಗೆ ಗಾಬರಿ. ಫೋನ್ ತೆಗೆದು ಚರ್ಚಿನ ಗ್ರೂಪಿಗೆ, "ನನ್ನ ಮಗಳು ಕೃಪಾಳ ನಂಬಿಕೆ ಕುಗ್ಗಿದೆ, ದಯವಿಟ್ಟು ಪ್ರಾರ್ಥಿಸಿ" ಎಂದು ಹಾಕಿಬಿಟ್ಟೆ. ನಮ್ಮಲ್ಲಿ ಹಾಗೇ. ಒಬ್ಬರ ಗುಟ್ಟನ್ನು ಗೇಟಿನ ಹತ್ತಿರ ಹೇಳಿದರೆ ಚಾಡಿ, ಕಣ್ಣು ಮುಚ್ಚಿಕೊಂಡು ಹೇಳಿದರೆ ಪ್ರಾರ್ಥನಾ ಮನವಿ.

ಹತ್ತು ನಿಮಿಷದಲ್ಲಿ ಗ್ರೂಪಿನ ತುಂಬ ಮುಗಿದ ಕೈಗಳ ಎಮೋಜಿ. ಭಾನುವಾರ ಆರಾಧನೆ ಮುಗಿಯುತ್ತಿದ್ದಂತೆ ಆಂಟಿಯರೆಲ್ಲ ಕೃಪಾಳನ್ನು ಸುತ್ತುವರಿದರು. ಒಬ್ಬರು ಕೆನ್ನೆ ಹಿಡಿದು, ಜ್ವರ ಬಿಟ್ಟಿತಾ ಎಂದು ಕೇಳುವ ಧಾಟಿಯಲ್ಲೇ "ನಂಬಿಕೆ ವಾಪಸ್ ಬಂತಾ ಮಗಳೇ?" ಎಂದು ಕೇಳಿದರು. ಅನ್ನಪೂರ್ಣೇಶ್ವರಿ ನಗರದಿಂದ ಬರುವ ಒಬ್ಬರು ಚೀಲದಿಂದ ಎಣ್ಣೆ ಶೀಸೆ ತೆಗೆದು ಅವಳ ಹಣೆಗೆ ಹಚ್ಚಿ ಅಲ್ಲೇ ಪ್ರಾರ್ಥನೆ ಶುರುಮಾಡಿದರು. ಅವಳು ಅವತ್ತೇ ತಲೆ ಸ್ನಾನ ಮಾಡಿದ್ದಳು. ಮನೆಗೆ ಬಂದು, ಎಣ್ಣೆ ಒರೆಸಿಕೊಳ್ಳುತ್ತ ಹೇಳಿದಳು: "ದೇವ್ರು ಕೇಳಿಸ್ಕೊಂಡ್ರೋ ಇಲ್ವೋ ಗೊತ್ತಿಲ್ಲ. ನೀನಂತೂ ಕೇಳಿಸ್ಕೊಳ್ಳಿಲ್ಲ. ಇನ್ಮೇಲೆ ನಿನ್ ಹತ್ರ ಏನೂ ಹೇಳಲ್ಲ." ಅಲ್ಲಿಂದ ಮೌನ. ಸಾರಿಗೆ ಉಪ್ಪು ಜಾಸ್ತಿಯಾದರೂ ನನ್ನ ಅತ್ತೆಯ ಮೂಲಕವೇ ತಿಳಿಯಬೇಕು: "ಅಜ್ಜಿ, ನಿಮ್ ಸೊಸೆಗೆ ಹೇಳಿ." ನಾನು "ಸಾರಿ ಪುಟ್ಟಾ" ಎಂದು ಮೆಸೇಜ್ ಹಾಕಿದೆ. ಒಂದು ಜೊತೆ ಮುಗಿದ ಕೈ ವಾಪಸ್ ಕಳಿಸಿದಳು. ಅವತ್ತು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಶಿಷ್ಯತ್ವದ ಪಾಠದಲ್ಲಿ ಮುಂದಿನ ವಿಷಯ ಯೇಸುಸ್ವಾಮಿ ತಮ್ಮ ಶಿಷ್ಯರ ಪಾದ ತೊಳೆದದ್ದು. ಬಾಯಿಮಾತು ಸಾಕಾಗಿತ್ತು. ಒಂದು ಶನಿವಾರ ಸಂಜೆ ಕುಟುಂಬಗಳನ್ನೆಲ್ಲ ಕರೆದು, ಹೆತ್ತವರೇ ತಮ್ಮ ಮಕ್ಕಳ ಪಾದ ತೊಳೆಯಲಿ ಎಂದು ತೀರ್ಮಾನಿಸಿದೆ. ಕೃಪಾಳ ಮುಂದೆ ಮಂಡಿಯೂರಲು ಒಂದು ನೆಪ ಬೇಕಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅಯ್ಯನವರು ಒಪ್ಪಿದರು. ಉಳಿದವರೆಲ್ಲ ಹೌಹಾರಿದರು. ದೊಡ್ಡವರು ಚಿಕ್ಕವರ ಕಾಲು ಮುಟ್ಟುವುದುಂಟೇ! ಡೇನಿಯ ಅಪ್ಪ ಗದಗದ ಕಡೆಯವರು, ದೀಪಾಂಜಲಿ ನಗರದಲ್ಲಿದ್ದುಕೊಂಡು ಕ್ಯಾಬ್ ಓಡಿಸುತ್ತಾರೆ. "ಅಕ್ಕಾರ, ಇವತ್ತ ನಾ ಇವನ ಕಾಲ ತೊಳದ್ರ, ನಾಳೆ ಇವ ನನ್ನ ತಲಿ ಮ್ಯಾಲೆ ಕುಂದ್ರತಾನ್ರಿ" ಅಂದರು. ಮನೆಯಲ್ಲಿ ಅತ್ತೆ ಊಟವನ್ನೇ ನಿಲ್ಲಿಸಿದರು. "ಹೆತ್ತೋಳು ಮಗೂ ಕಾಲು ಹಿಡಿಯೋದಾ? ಮಗೂಗೆ ಆಯಸ್ಸು ಕಮ್ಮಿ ಆಗತ್ತೆ ಕಣೇ." ಮೂರು ತಲೆಮಾರಿನ ಕ್ರೈಸ್ತರು ನಾವು, ಆದರೂ ಆಯಸ್ಸಿನ ಲೆಕ್ಕ ಬೇರೆ. "ಅತ್ತೆ, ಅವ್ಳು ಹುಟ್ಟಿದಾಗ ಕಾಲಮೇಲೆ ಮಲಗಿಸ್ಕೊಂಡು ಪಾದ ತಿಕ್ಕಿ ತಿಕ್ಕಿ ತೊಳೆದೋರು ನೀವೇ ಅಲ್ವಾ?" ಅಂದೆ. "ಆಗ ಪಾದ ಇನ್ನೂ ನೆಲ ಮುಟ್ಟಿರ್ಲಿಲ್ಲವಲ್ಲ" ಅಂದರು. ಅತ್ತೆಯ ಜೊತೆ ವಾದ ಮಾಡಿ ಗೆದ್ದವರು ನಮ್ಮ ವಂಶದಲ್ಲಿಲ್ಲ.

ಶನಿವಾರ ಬಂತು. ಪ್ಲಾಸ್ಟಿಕ್ ಟಬ್ಬು, ಬಿಸಿನೀರು, ಟವೆಲು ಎಲ್ಲ ಸಜ್ಜು. ಮಕ್ಕಳದ್ದು ಬೇರೆಯೇ ಚಿಂತೆ: ಸಾಕ್ಸ್ ವಾಸನೆ. ಬರುವುದಿಲ್ಲ ಎಂದು ಕೂತಿದ್ದ ಕೃಪಾ, ಚರ್ಚಿನ ಹಾಲಿನ ಮೆಟ್ಟಿಲು ಹತ್ತಲು ಅಜ್ಜಿಗೆ ಕೈ ಬೇಕೆಂದು ಬಂದಳು. ಬಂದು ಕೊನೆಯ ಕುರ್ಚಿಯಲ್ಲಿ ಕೂತಳು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಡೇನಿಯ ಅಪ್ಪನೇ ಪ್ಯಾಂಟು ಮಡಚಿ ಕೂತು, ಕಾರು ತೊಳೆಯುವ ರಭಸದಲ್ಲಿ ಮಗನ ಕಾಲು ತೊಳೆದರು. ಡೇನಿ ಮೊದಲು ಕಿಸಕ್ಕೆಂದ, ಆಮೇಲೆ ತಾನೇ ಇನ್ನೊಂದು ಕಾಲು ಮುಂದೆ ಚಾಚಿದ. ಒಬ್ಬೊಬ್ಬರಾಗಿ ಎದ್ದರು. ನನ್ನ ಸರದಿ ಬಂದಾಗ ಟಬ್ಬು ಹಿಡಿದು ಕೊನೆಯ ಕುರ್ಚಿಗೆ ಹೋದೆ. ಇಡೀ ಹಾಲ್ ನಮ್ಮಿಬ್ಬರನ್ನೇ ನೋಡುತ್ತಿತ್ತು. ಕೃಪಾ ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ನಿಧಾನವಾಗಿ ಶೂ ಬಿಚ್ಚಿದಳು.

ಮಗಳ ಪಾದ ನನ್ನದಕ್ಕಿಂತ ಒಂದು ಬೆರಳು ಉದ್ದ. ಯಾವಾಗ ಇಷ್ಟು ಬೆಳೆಯಿತೋ ನಾನು ನೋಡಿರಲಿಲ್ಲ. ಸಂಕಟವಾದರೆ ನನಗೆ ಮಾತು ಬರುತ್ತದೆ, ಅದೇ ನನ್ನ ರೋಗ. ಒಂದು ತಂಬಿಗೆ ನೀರು ಹಾಕಿ, ತಲೆ ಎತ್ತಿ, "ಪ್ರಿಯರೇ, ಈ ಸಂದರ್ಭದಲ್ಲಿ ನಾನೂ ನನ್ನ ಮಗಳೂ ಹಾದುಬಂದ ದಾರಿಯನ್ನು..." ಎಂದು ಶುರುಮಾಡಿದೆ.

ಕೃಪಾ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು: "ಮಾತಾಡ್ದೆ ತೊಳಿ, ಶಿಷ್ಯಾ."

ಬಾಯಿ ಮುಚ್ಚಿದೆ. ತೊಳೆದೆ. ಹಿಂದಿನಿಂದ ಅತ್ತೆ, "ಹಿಮ್ಮಡಿ ಸರಿಯಾಗಿ ಉಜ್ಜಮ್ಮಾ" ಅಂದರು. ಅಷ್ಟರಲ್ಲಿ ಆಯಸ್ಸಿನ ವಿಷಯ ಮರೆತಿದ್ದರೆಂದು ಕಾಣುತ್ತದೆ.

ಅತ್ತೆಯನ್ನು ನಮ್ಮ ಮನೆಯವರು ಆಟೋದಲ್ಲಿ ಕರೆದುಕೊಂಡು ಹೋದರು. ಕೃಪಾ ನನ್ನ ಸ್ಕೂಟರ್ ಹಿಂದೆ ಕೂತಳು. ಮೊದಲ ತಿರುವಿನಲ್ಲೇ, "ಅಮ್ಮಾ, ಒಂದ್ ವಿಷ್ಯ ಹೇಳ್ತೀನಿ. ಗ್ರೂಪಿಗೆ ಹಾಕ್ಬಾರ್ದು" ಅಂದಳು. ಇಲ್ಲ ಅಂದೆ. "ಪ್ರೇಯರ್ ರಿಕ್ವೆಸ್ಟ್ ಅಂತಾನೂ ಹಾಕ್ಬಾರ್ದು." ಇಲ್ಲ ಕಣೇ ಅಂದೆ. ಹೇಳಿದಳು. ನಾನು ಮನೆಯ ಗೇಟು ದಾಟಿ ಇನ್ನೆರಡು ಸುತ್ತು ಹೊಡೆದೆ. ಒಂದೇ ಒಂದು ಬುದ್ಧಿಮಾತು ಹೇಳಲಿಲ್ಲ. ಹೆಲ್ಮೆಟ್ ತುಂಬ ಸಹಾಯ ಮಾಡಿತು.

ಅವಳು ಹೇಳಿದ್ದೇನು ಎಂದು ಇಲ್ಲಿ ಬರೆಯುವುದಿಲ್ಲ, ನಾಲಿಗೆ ಎಷ್ಟು ತುರಿಸಿದರೂ ಸರಿ. ಉಳಿದದ್ದನ್ನೆಲ್ಲ ನಿಮ್ಮ ಮುಂದೆ ಹೇಳಿಬಿಟ್ಟೆನಲ್ಲ ಎಂದು ಈಗಷ್ಟೇ ಹೊಳೆಯುತ್ತಿದೆ. ಗ್ರೂಪಿಗೆ ಹಾಕಬಾರದು ಅಂದಿದ್ದಳು, ಪ್ರಬಂಧದ ಮಾತು ಎತ್ತಿರಲಿಲ್ಲ. ನನ್ನ ಮಗಳು ಕನ್ನಡದ ಒಂದು ಪುಟ ಓದಲು ಅರ್ಧ ದಿನ ತೆಗೆದುಕೊಳ್ಳುತ್ತಾಳೆ ಎಂದು ಇಷ್ಟು ವರ್ಷ ಕೊರಗುತ್ತಿದ್ದೆ. ಈಗ ಅದೂ ದೇವರ ದಯೆಯೇ ಅನ್ನಿಸುತ್ತಿದೆ. ಅವಳು ಇಲ್ಲಿಯವರೆಗೆ ಓದಿಕೊಂಡು ಬರದಿರಲಿ ಎಂದು ನೀವೂ ಒಂದು ಮಾತು ಪ್ರಾರ್ಥಿಸಿ. ಗ್ರೂಪಿಗೆ ಮಾತ್ರ ಹಾಕಬೇಡಿ.