ಹಿಗ್ಗಿಸಬಹುದು, ಕುಗ್ಗಿಸಬಹುದು

ನಾನು ನಿಂತಿದ್ದದ್ದು ಬಸವೇಶ್ವರನಗರದ ನಮ್ಮ ಸಂಜೆ ಕಾನೂನು ಕಾಲೇಜಿನ ಎದುರು, ಗಂಗಣ್ಣನ ಜೆರಾಕ್ಸ್ ಅಂಗಡಿಯ ಮೇಲಿನ ಮೆಟ್ಟಿಲಿನಲ್ಲಿ. ಎಡಗೈಯಲ್ಲಿ ಹೆಲ್ಮೆಟ್ಟು, ಬಲಗೈಯಲ್ಲಿ ಸ್ಕೂಟರಿನ ಕೀಲಿಕೈ. ಸೈಬರ್ ಸೆಂಟರುಗಳು ಇನ್ನೂ ಬೀದಿಗೊಂದರಂತೆ ಬದುಕಿದ್ದ ಕಾಲ. ಪರೀಕ್ಷೆಗೆ ಒಂದು ವಾರವಿದ್ದ ಶನಿವಾರ. ಸಂಜೆಯ ತರಗತಿ ಶುರುವಾಗುವ ಮುಂಚೆ. ಬಿಸಿಲು ನೀರಿನ ಟ್ಯಾಂಕಿನ ಹಿಂದಕ್ಕೆ ಸರಿದಿತ್ತು, ಆದರೆ ಓದುವುದಕ್ಕೆ ಬೇಕಾದಷ್ಟು ಬೆಳಕಿತ್ತು. ಇಷ್ಟೆಲ್ಲ ಮೊದಲೇ ಹೇಳಿಬಿಡುವುದು ಏಕೆಂದರೆ, ಮುಂದಿನದನ್ನು ಕೇಳಿದವರು ಸಾಮಾನ್ಯವಾಗಿ “ನೀವು ಸರಿಯಾಗಿ ನೋಡಿರಲಿಕ್ಕಿಲ್ಲ ಬಿಡಿ” ಎನ್ನುತ್ತಾರೆ. ಸರಿಯಾಗಿಯೇ ನೋಡಿದ್ದೇನೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ್ದೇನೆ.

ನೋಡಿದ್ದು ಏನೆಂದರೆ, ನನ್ನ ಪುಸ್ತಕ. ಅಂಗಡಿಯ ಮುಂದೆ ಅಡ್ಡಕ್ಕೆ ಕಟ್ಟಿದ್ದ ದಾರದಲ್ಲಿ, ಬಟ್ಟೆ ಒಣಗಿಸುವ ಕ್ಲಿಪ್ಪು ಕಚ್ಚಿಕೊಂಡು, ನೀಲಿ ಪ್ಲಾಸ್ಟಿಕ್ಕಿನ ಹೊದಿಕೆ ಹೊದ್ದು ನೇತಾಡುತ್ತಿತ್ತು. ಹೆಸರು ಬದಲಾಗಿತ್ತು: ‘ಕರಾರು ಕಾನೂನು: ಗ್ಯಾರಂಟಿ ಕೇಸುಗಳು’. ಅದರ ಕೆಳಗೆ ‘ಸಂಪಾದಕರು: ಗಂಗಣ್ಣ’. ಇನ್ನೂ ಕೆಳಗೆ, ದಪ್ಪ ಅಕ್ಷರಗಳಲ್ಲಿ, ‘ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ. ಜೆರಾಕ್ಸ್ ಮಾಡುವವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು’. ಒಂದು ಜೆರಾಕ್ಸ್ ಅಂಗಡಿ, ಜೆರಾಕ್ಸ್ ಮಾಡಿ, ಜೆರಾಕ್ಸ್ ಮಾಡಬೇಡಿ ಎಂದು ಲೋಕವನ್ನು ಹೆದರಿಸುತ್ತಿತ್ತು. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಮೈಮರೆತು ತಲೆಗೆ ಹಾಕಿಕೊಂಡೆ ಎಂದು ಆಮೇಲೆ ನೋಡಿದವರು ಹೇಳಿದರು.

ಈ ಪುಸ್ತಕದ ಜನ್ಮವೃತ್ತಾಂತವನ್ನು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ನಾನು ಆ ಕಾಲೇಜಿನಲ್ಲಿ ಕರಾರು ಕಾನೂನನ್ನು ಕಲಿಸುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಹಗಲೆಲ್ಲ ಎಲ್ಲೆಲ್ಲೋ ದುಡಿದು, ಊರಂಚಿನ ಉಲ್ಲಾಳದ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ನನ್ನ ತರಗತಿಯಲ್ಲಿ ಕೂತುಕೊಂಡು ಆಕಳಿಸುವವರು. ಪ್ರಕರಣಗಳ ದೊಡ್ಡ ಇಂಗ್ಲಿಷ್ ಸಂಪುಟ ಲೈಬ್ರರಿಯಲ್ಲಿ ಒಂದೇ ಇತ್ತು; ಅದು ಬೀರುವಿನಲ್ಲಿತ್ತು; ಬೀರುವಿನ ಕೀಲಿಕೈ ಲೈಬ್ರರಿಯನ್ ಬಳಿ ಇತ್ತು; ಲೈಬ್ರರಿಯನ್ ಸಂಜೆಗೆ ಮುಂಚೆಯೇ ಮನೆಯಲ್ಲಿರುತ್ತಿದ್ದರು. ನ್ಯಾಯಾಧೀಶರ ತೀರ್ಪು ಯಾರೊಬ್ಬರ ಸೊತ್ತೂ ಅಲ್ಲ, ಅದು ಊರಿನ ಕೆರೆಯ ನೀರಿದ್ದಂತೆ ಎಂದು ನಾನು ತರಗತಿಯಲ್ಲಿ ಭಾಷಣ ಮಾಡುತ್ತಿದ್ದೆ. ಒಂದು ದಿನ ಆ ಭಾಷಣವನ್ನು ನಾನೇ ನಂಬಿಬಿಟ್ಟೆ.

ಹಾಗೆ ಶುರುವಾಯಿತು. ತೀರ್ಪುಗಳನ್ನು ಆರಿಸಿ, ಕತ್ತರಿಸಿ, ತಿಳಿಗನ್ನಡಕ್ಕೆ ತಂದು, ಪ್ರಶ್ನೆಗಳನ್ನು ಜೋಡಿಸಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಡುವುದು. ಎರಡು ಬೇಸಿಗೆ ರಜೆಗಳು ಅದಕ್ಕೇ ಹೋದವು. ಆ ಕಾಲದಲ್ಲಿ ಒಂದು ಕಂಪ್ಯೂಟರಿನಲ್ಲಿ ಹೊಡೆದ ಕನ್ನಡ ಇನ್ನೊಂದರಲ್ಲಿ ಸಾಲುಸಾಲು ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಯಲ್ಲಿ ನಾನು ಆ ಚೌಕಗಳನ್ನು ಬೈಯುತ್ತಾ ಕೂತಿದ್ದರೆ, ನನ್ನ ಹೆಂಡತಿ ಪದ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದಳು: “ಯಾರ್ರೀ ಕೇಳಿದ್ರು ನಿಮ್ಮನ್ನ ಇದನ್ನ ಮಾಡಿ ಅಂತ?”

“ಯಾರೂ ಕೇಳದೆ ಮಾಡೋದೇ ಸೇವೆ ಕಣೇ.”

“ನಲ್ಲಿ ರಿಪೇರಿ ಮಾಡ್ಸಿ ಅಂತ ನಾನು ಕೇಳಿದೀನಿ. ಅದೂ ಸೇವೇನೇ.”

ನನ್ನ ಪುಸ್ತಕದಲ್ಲಿ ಒಂದು ವಿಶೇಷವಿತ್ತು. ಅದರ ಬಗ್ಗೆ ನನಗೆ ಇದ್ದ ಹೆಮ್ಮೆಯನ್ನು ಹೇಳಿ ಮುಗಿಸಲಾರೆ. ಪ್ರತಿ ಪ್ರಕರಣದ ಮೊದಲ ಪುಟದಲ್ಲಿ ಸೋತವನ ವಾದವನ್ನು, ಓದಿದವನು ಹೌದಲ್ಲ ಎಂದು ತಲೆದೂಗುವಷ್ಟು ಚೆನ್ನಾಗಿ ಬರೆದಿದ್ದೆ. ಆದರೆ ಅವನು ಸೋತ ಎಂದು ಅಲ್ಲಿ ಹೇಳುತ್ತಿರಲಿಲ್ಲ. ಪುಟ ತಿರುಗಿಸಿದರೆ ಬೆನ್ನಿಗೇ ತೀರ್ಪು. ಓದುಗನಿಗೆ ಕಪಾಳಕ್ಕೆ ಹೊಡೆದಂತಾಗಬೇಕು, ಆ ಪೆಟ್ಟಿನಲ್ಲಿ ಕಾನೂನು ತಲೆಗೆ ಇಳಿಯಬೇಕು. ಇದು ನನ್ನ ಯೋಜನೆ. ಕೆಂಗೇರಿಯ ಕಾಲೇಜಿನ ಮೇಷ್ಟ್ರೊಬ್ಬರು ನನ್ನ ಪುಸ್ತಕವನ್ನು ಇಳಿಸಿಕೊಂಡು, ಸೈಟು ಮಾರಾಟದ ಕೆಲವು ಜಗಳಗಳನ್ನು ತಾವೇ ಸೇರಿಸಿ ವಾಪಸು ಕಳುಹಿಸಿದಾಗ ನಾನು ಊಟ ಬಿಟ್ಟು ಕುಣಿದಾಡಿದ್ದೆ. ಹಂಚಿಕೊಂಡರೆ ಪುಸ್ತಕ ಬೆಳೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ನನ್ನ ಸ್ವಂತ ವಿದ್ಯಾರ್ಥಿಗಳು ಅದರ ಹತ್ತಿರ ಸುಳಿಯಲಿಲ್ಲ. “ಫ್ರೀ ಅಂದ್ರೆ ಡೌಟ್ ಬರತ್ತೆ ಸಾರ್” ಎಂದು ಹಿಂದಿನ ಬೆಂಚಿನವನೊಬ್ಬ ಮುಖಕ್ಕೇ ಹೇಳಿದ. ತೆರೆದಾದರೂ ನೋಡಿದವಳು ಒಬ್ಬಳೇ, ರೇಣುಕಾ. ಬಿಜಾಪುರದ ಕಡೆಯ ಹೆಣ್ಣುಮಗಳು. ಹಗಲು ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸ, ಸಂಜೆ ಕಾಲೇಜು. ಕರಾರು ಕಾನೂನಿನಲ್ಲಿ ಅವಳು ಅದಾಗಲೇ ಎರಡು ಸಲ ನಪಾಸಾಗಿದ್ದಳು. “ಈ ಸಲ ಆಗ್ಲಿಲ್ಲಂದ್ರ ಗಂಟುಮೂಟಿ ಕಟ್ಕೊಂಡು ಊರಿಗೆ ಬಾ ಅಂದಾನ್ರಿ ಸರ್ ನಮ್ಮಣ್ಣ” ಎಂದು ಒಮ್ಮೆ ಹೇಳಿದ್ದಳು. ಅವಳ ವಕೀಲಿಕೆ ನನ್ನ ವಿಷಯದ ಮೇಲೆ ನಿಂತಿತ್ತು. ಸೈಬರ್ ಸೆಂಟರಿನಲ್ಲಿ ಕೂತು ಮೊದಲ ಪ್ರಕರಣದ ಮೊದಲ ಪುಟ ಓದುವಷ್ಟರಲ್ಲೇ, ಅಲ್ಲಿ ಹುಡುಗರ ಗಲಾಟೆ ತಾಳದೆ ಬಿಟ್ಟಿದ್ದಳೆಂದು ಮಾತ್ರ ನನಗೆ ಗೊತ್ತಿತ್ತು.

ಈಗ ಮೆಟ್ಟಿಲಿಗೆ ಬರುತ್ತೇನೆ. ಗಂಗಣ್ಣ ಬಡಾವಣೆ ಬರುವ ಮುಂಚೆ ಅಲ್ಲಿದ್ದ ಹಳ್ಳಿಯವನು. ಕಾಲೇಜು ನಿಂತಿರುವ ಜಾಗದಲ್ಲಿ ಅವನ ತಾತ ರಾಗಿ ಬೆಳೆಯುತ್ತಿದ್ದನಂತೆ. ಆ ಕಾರಣಕ್ಕೋ ಏನೋ, ಕಾಲೇಜಿನಲ್ಲಿ ಬೆಳೆಯುವುದೆಲ್ಲ ತನ್ನದೇ ಫಸಲು ಎಂಬ ಭಾವ ಅವನಲ್ಲಿ ಉಳಿದಿತ್ತು. ನನ್ನನ್ನು ನೋಡಿ ನಕ್ಕ.

“ಬನ್ನಿ ಸಾರ್. ಹೊಸ ಗೈಡು. ನಿಮ್ಮ ಸಬ್ಜೆಕ್ಟೇ. ಬಿಸಿ ದೋಸೆ ಥರ ಹೋಗ್ತಾ ಇದೆ. ಒಂದು ತಗೊಳ್ಳಿ, ಪಾಠಕ್ಕೆ ಅನುಕೂಲ ಆಗತ್ತೆ.”

“ಗಂಗಣ್ಣ, ಇದು ನನ್ನ ಪುಸ್ತಕ.”

“ನಿಮ್ದೇ ಅಂದ್ಕೊಳ್ಳಿ ಸಾರ್, ಹೊರಗಿನವರಾ ನೀವು?”

ನಾನು ದಾರದಿಂದ ಪುಸ್ತಕವನ್ನು ಕಿತ್ತುಕೊಂಡು ತಿರುವಿದೆ. ಮೊದಲ ಪ್ರಕರಣ, ಸೋತವನ ವಾದ. ಪುಟ ತಿರುಗಿಸಿದೆ, ತೀರ್ಪು ಇಲ್ಲ, ಎರಡನೆಯ ಪ್ರಕರಣ, ಸೋತವನ ವಾದ. ಮತ್ತೆ ತಿರುಗಿಸಿದೆ. ಕೊನೆಯವರೆಗೂ ಸೋತವರೇ. ನಮ್ಮ ದೇಶದ ನ್ಯಾಯಾಲಯಗಳಲ್ಲಿ ಕರಾರಿನ ವಿಷಯದಲ್ಲಿ ಯಾರು ಯಾರು ಮಣ್ಣು ಮುಕ್ಕಿದ್ದರೋ ಅವರೆಲ್ಲ ಅಲ್ಲಿ ಸಾಲಾಗಿ ತಲೆಯೆತ್ತಿ ನಿಂತಿದ್ದರು. ಗೆದ್ದವನು ಒಬ್ಬನೂ ಇರಲಿಲ್ಲ.

“ತೀರ್ಪೆಲ್ಲಿ ಗಂಗಣ್ಣ?”

“ಅಷ್ಟು ದಪ್ಪ ಆದ್ರೆ ಸ್ಪೈರಲ್ ಹಿಡಿಯಲ್ಲ ಸಾರ್. ಅದಕ್ಕೇ ಎಲ್ಲಾ ಕೇಸಲ್ಲೂ ಮೊದಲ್ನೇ ಪುಟ ಇಟ್ಕೊಂಡು ಅದರ ಬೆನ್ನಿಗಿದ್ದ ಪುಟ ತೆಗ್ದೆ. ಕೇಸು ಒಂದೂ ಬಿಟ್ಟಿಲ್ಲ ನೋಡಿ. ಯಾರಿಗೂ ಅನ್ಯಾಯ ಮಾಡಿಲ್ಲ.”

ನಾನು ಕೂಗಾಡಿದೆ. ಏನೇನು ಕೂಗಿದೆ ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸುವುದಾದರೆ: ಕಳ್ಳ ಎಂದೆ, ಕೃತಿಚೌರ್ಯ ಎಂದೆ, ನ್ಯಾಯಾಲಯದ ಮೆಟ್ಟಿಲು ಹತ್ತಿಸುತ್ತೇನೆ ಎಂದೆ. ಹೆಲ್ಮೆಟ್ಟಿನೊಳಗಿಂದ ಹೇಳಿದ್ದರಿಂದ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಗಂಗಣ್ಣ ಸಿಟ್ಟಾಗಲಿಲ್ಲ. ಬಗ್ಗಿ, ಇಂಟರ್ನೆಟ್ಟಿನಿಂದ ಇಳಿಸಿಕೊಂಡಿದ್ದ ನನ್ನ ಪುಸ್ತಕದ ಮೂಲ ಪ್ರಿಂಟನ್ನು ಕೌಂಟರಿನ ಕೆಳಗಿನಿಂದ ತೆಗೆದು, ಮೊದಲ ಪುಟವನ್ನು ನನ್ನ ಮುಂದೆ ಹಿಡಿದು, ಶಾಲೆಯ ಮಕ್ಕಳು ಪ್ರಾರ್ಥನೆ ಹೇಳುವ ಧಾಟಿಯಲ್ಲಿ ಗಟ್ಟಿಯಾಗಿ ಓದಿದ: “ಈ ಪುಸ್ತಕ ಎಲ್ಲರದು. ಇದನ್ನು ಯಾರು ಬೇಕಾದರೂ ನಕಲು ಮಾಡಬಹುದು, ಹಂಚಬಹುದು, ಮಾರಬಹುದು, ತಮ್ಮ ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಯಾರ ಹೆಸರನ್ನೂ ಹೇಳಬೇಕಾಗಿಲ್ಲ.”

ಓದಿ ಮುಗಿಸಿ ಪುಟವನ್ನು ಕೌಂಟರಿನ ಮೇಲಿಟ್ಟ.

“ಕುಗ್ಗಿಸಿದೀನಿ ಸಾರ್” ಎಂದ ಗಂಗಣ್ಣ.

ಆ ವಾಕ್ಯಗಳನ್ನು ನಾನೇ ಬರೆದದ್ದು. ಬಹಳ ಖುಷಿಯಾಗಿದ್ದ ಒಂದು ಬೆಳಿಗ್ಗೆ ಬರೆದದ್ದು. ‘ಹಿಗ್ಗಿಸಬಹುದು’ ಎಂದಷ್ಟೇ ಬರೆದಾಗ ವಾಕ್ಯಕ್ಕೆ ಲಯ ಸಾಲದೆಂದು ‘ಕುಗ್ಗಿಸಬಹುದು’ ಎಂದು ಸೇರಿಸಿದ್ದು. ಹೆಸರು ಹೇಳಬೇಕಾಗಿಲ್ಲ ಎಂದದ್ದು ವಿನಯಕ್ಕೆ. ಕರಾರು ಕಾನೂನಿನ ಮೇಷ್ಟ್ರಾದ ನಾನು ಸಹಿ ಮಾಡುವ ಮುಂಚೆ ಪ್ರತಿ ಪದವನ್ನೂ ಓದಿ ಎಂದು ವರ್ಷಗಟ್ಟಲೆ ಬೋಧಿಸಿದವನು. “ಹಾಗಾದರೆ ಈ ಹಕ್ಕು ಕಾಯ್ದಿರಿಸಿದ್ದು?” ಎಂದು ಕೊನೆಯ ಬಾಣ ಬಿಟ್ಟೆ. “ಅದು ಎಲ್ಲಾ ಬುಕ್ಕಲ್ಲೂ ಇರತ್ತಲ್ಲ ಸಾರ್. ಇಲ್ದಿದ್ರೆ ಬುಕ್ ಥರಾನೇ ಕಾಣಲ್ಲ” ಎಂದ.

ಅಷ್ಟರಲ್ಲಿ ರೇಣುಕಾ ಬಂದಳು. ಅವಳ ಕೈಯಲ್ಲಿಯೂ ಅದೇ ನೀಲಿ ಹೊದಿಕೆ. ಅಂಚುಗಳು ಆಗಲೇ ಮೆತ್ತಗಾಗಿದ್ದವು.

“ಸರ್, ಪೂರಾ ಬಾಯಿಪಾಠ ಮಾಡೀನ್ರಿ. ಯಾವುದು ಬೇಕಾದ್ರ ಕೇಳ್ರಿ” ಎಂದಳು. ನಾನು ಕೇಳಲಿಲ್ಲ, ಅವಳೇ ಶುರು ಮಾಡಿದಳು. ಹದಿನೇಳರ ಹುಡುಗನೊಬ್ಬ ವಯಸ್ಸು ಮುಚ್ಚಿಟ್ಟು ಬೈಕು ಕೊಂಡ ಪ್ರಕರಣ. “ಹುಡುಗ ವಯಸ್ಸ ಸುಳ್ಳ ಹೇಳ್ಯಾನ್ರಿ. ಅವಗ ಮೀಸಿ ಬ್ಯಾರೆ ಇತ್ತು. ಮೀಸಿ ನೋಡಿ ಅಂಗಡಿಯಾಂವ ನಂಬ್ಯಾನ. ನಂಬಿಸಿ ಮೋಸ ಮಾಡಿದಾಂವ ಆಮ್ಯಾಲೆ ನಾ ಸಣ್ಣಾಂವ ಅಂತ ತಪ್ಪಿಸ್ಕೊಳ್ಳಾಕ ಬರೂದಿಲ್ಲ. ಹಿಂಗಾಗಿ ಕರಾರು ಊರ್ಜಿತ ಆಗ್ತೈತ್ರಿ.” ಒಂದು ತಡೆಯಿಲ್ಲ, ಒಂದು ತಪ್ಪಿಲ್ಲ. ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು.

“ರೇಣುಕಾ, ಅದು ಸೋತ ಅಂಗಡಿಯವನ ವಾದ ಕಣಮ್ಮ. ಸುಳ್ಳು ಹೇಳಲಿ, ಮೀಸೆ ಇರಲಿ, ಹದಿನೆಂಟು ತುಂಬದವನ ಕರಾರು ಕರಾರೇ ಅಲ್ಲ.”

“ಹಂಗಂತ ಎಲ್ಲಿ ಬರದೀರಿ?”

“ಮುಂದಿನ ಪುಟದಲ್ಲಿ.”

ಅವಳು ಪುಟ ತಿರುಗಿಸಿದಳು. “ಮುಂದಿನ ಪುಟದಾಗ ಬ್ಯಾರೆ ಕೇಸ್ ಐತಲ್ರಿ.”

ಅವಳ ಮುಖ ಬಿಳಿಚಿಕೊಂಡಿತು. ನನ್ನ ಸಿಟ್ಟು ಅಲ್ಲಿಯವರೆಗೆ ನನ್ನ ಸಲುವಾಗಿತ್ತು. ಈಗ ಅದು ಬೇರೆ ಬಣ್ಣಕ್ಕೆ ತಿರುಗಿತು. ಊರಿನ ಬಸ್ಸು, ಅಣ್ಣನ ಮಾತು, ಎಲ್ಲ ಅವಳ ಕಣ್ಣಿನಲ್ಲಿ ಬಂದುಹೋದದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದೆ. ಗಂಗಣ್ಣ ಮೊದಲ ಸಲ ನಗುವುದನ್ನು ನಿಲ್ಲಿಸಿ, “ತಂಗಿ, ನಂಗೇನಮ್ಮ ಗೊತ್ತು, ಸೋತೋರು ಇಷ್ಟು ಚೆನ್ನಾಗಿ ಮಾತಾಡ್ತಾರೆ ಅಂತ?” ಎಂದ. ನಾನು ಇಷ್ಟು ಚೆನ್ನಾಗಿ ಬರೆಯಬಾರದಿತ್ತು ಎಂಬ ಆರೋಪ ಅದರಲ್ಲಿತ್ತು.

ರೇಣುಕಾ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಸರಸರನೆ ತಿರುವಿದಳು. ಆಮೇಲೆ ಕೇಳಿದಳು: “ಸರ್, ಎಲ್ಲಾ ಪುಟದಾಗೂ ಸೋತವ್ರದ ಏನ್ರಿ? ಒಂದೂ ತಪ್ಪದ?”

“ಒಂದೂ ತಪ್ಪದೆ.”

“ಹಂಗಿದ್ರ ಬಾಯಿಪಾಠ ಹಾಳಾಗಿಲ್ಲ ಬಿಡ್ರಿ. ಇದನ್ನೆಲ್ಲಾ ಬರದು, ಕಡೀಕ ಇವರು ಸೋತ್ರು ಅಂತೀನಿ. ಯಾಕ ಸೋತ್ರು ಅನ್ನೂದಷ್ಟ ನೀವು ಹೇಳ್ಕೊಡ್ರಿ.”

ನನಗೆ ಹೊಳೆಯದ ಪರಿಹಾರ ಅದು. ಹೊಳೆಯದಿದ್ದದ್ದಕ್ಕೆ ಕಾರಣ, ಕೂಗಾಡುವವನಿಗೆ ಯೋಚಿಸಲು ಬಿಡುವಿರುವುದಿಲ್ಲ. ಆದರೆ ಗೈಡು ಕೊಂಡವರು ತರಗತಿಯ ತುಂಬ ಇದ್ದರು; ಬಿಟ್ಟುಹೋದ ಪುಟಗಳನ್ನೆಲ್ಲ ಹೊಸದಾಗಿ ಓದಲು ಉಳಿದ ಒಂದು ವಾರದಲ್ಲಿ ಅವರಿಗೆ ಬಿಡುವಿರಲಿಲ್ಲ. ಗಂಗಣ್ಣನ ಅಂಗಡಿಯಲ್ಲಿ ರಬ್ಬರ್ ಸ್ಟಾಂಪನ್ನೂ ಮಾಡಿಕೊಡುತ್ತಿದ್ದರು. ಪಾಪಪ್ರಜ್ಞೆಯೋ ವ್ಯಾಪಾರಬುದ್ಧಿಯೋ, ಅವನು ಆ ಕ್ಷಣವೇ ಕೂತು ಒಂದು ಸ್ಟಾಂಪು ತಯಾರಿಸಿದ: ‘ಇವರು ಸೋತರು’. ಭಾನುವಾರ ಇಡೀ ದಿನ ತರಗತಿಯಲ್ಲಿ ವಿಶೇಷ ಪಾಠ. ಬಾಗಿಲಲ್ಲಿ ಮೇಜು ಹಾಕಿಕೊಂಡು, ನೇರಳೆ ಶಾಯಿಯಲ್ಲಿ ಪುಟಪುಟಕ್ಕೂ ಮೊಹರು ಒತ್ತಿದವನು ನಾನೇ. ಒಳಗೆ ಹೋಗಿ ಏಕೆ ಸೋತರು ಎಂದು ಬರೆಸಿದವನೂ ನಾನೇ. ಯಾರೋ ಅಪರಿಚಿತರು ನನ್ನನ್ನು ನೋಟರಿ ಎಂದುಕೊಂಡು ಬಾಡಿಗೆ ಕರಾರುಪತ್ರವನ್ನು ಮುಂದೆ ಚಾಚಿದರು. ಸಿಟ್ಟಿನ ಭರದಲ್ಲಿ ಅದಕ್ಕೂ ಒಂದು ಒತ್ತಿಬಿಟ್ಟೆ.

ರೇಣುಕಾ ಪಾಸಾದಳು. ಪಾಸೆಂದರೆ ಬರಿ ಪಾಸಲ್ಲ, ಆ ವಿಷಯದಲ್ಲಿ ಕಾಲೇಜಿಗೇ ಮೊದಲಿಗಳು. ಪ್ರತಿ ಉತ್ತರದಲ್ಲೂ ಮೊದಲು ಸೋತವನ ಪರವಾಗಿ ಮನಮುಟ್ಟುವಂತೆ ಬರೆದು, ಆಮೇಲೆ ಒಂದೇ ಏಟಿಗೆ ಕೆಡವಿದ್ದಾಳೆಂದು ಮೌಲ್ಯಮಾಪಕರು ಮೆಚ್ಚಿಕೊಂಡರಂತೆ. ನಾನು ಎರಡು ಬೇಸಿಗೆ ಕೂತು ಹೂಡಿದ್ದ ಯೋಜನೆ ಕಡೆಗೂ ಕೆಲಸ ಮಾಡಿತ್ತು. ಅದಕ್ಕೆ ಬೇಕಾಗಿದ್ದದ್ದು ಅರ್ಧ ಪುಸ್ತಕವನ್ನು ಕಿತ್ತೆಸೆಯುವ ಒಬ್ಬ ಸಂಪಾದಕ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಮುಂದಿನ ವರ್ಷ ಕಾಲೇಜು ಶುರುವಾದಾಗ ದಾರದಲ್ಲಿ ಹಸಿರು ಹೊದಿಕೆಯ ಪುಸ್ತಕ ನೇತಾಡುತ್ತಿತ್ತು. ‘ಗ್ಯಾರಂಟಿ ಕೇಸುಗಳು: ಪರಿಷ್ಕೃತ ಆವೃತ್ತಿ’. ಪ್ರತಿ ಪುಟದಲ್ಲೂ ‘ಇವರು ಸೋತರು’ ಎಂಬ ಮೊಹರಿನ ಪ್ರತಿ. ಅಡಿಯಲ್ಲಿ ನಾನು ಭಾನುವಾರ ಬರೆಸಿದ್ದ ಕಾರಣಗಳು, ಯಾವುದೋ ವಿದ್ಯಾರ್ಥಿಯ ಕೈಬರಹದಲ್ಲಿ. ಸಂಪಾದಕರು: ಗಂಗಣ್ಣ. ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ.

ಮನೆಗೆ ಹೋದವನೇ ಲೀಗಲ್ ನೋಟಿಸು ಬರೆಯಲು ಕೂತೆ. ಒಂದು ಪುಟ ತುಂಬ ನನ್ನ ಶ್ರಮ, ನನ್ನ ಬೇಸಿಗೆ, ನನ್ನ ಹೃದಯ. ವಾದ ಎಷ್ಟು ಚೆನ್ನಾಗಿತ್ತೆಂದರೆ ಓದಿದ ಯಾರಾದರೂ ಹೌದಲ್ಲ ಎಂದು ತಲೆದೂಗಬೇಕು. ನನ್ನ ಯಾವ ಹಕ್ಕಿಗೆ ಚ್ಯುತಿ ಬಂತು ಎಂದು ಬರೆಯಬೇಕಾದಲ್ಲಿ ಮಾತ್ರ ಪೆನ್ನು ನಿಂತಿತು.

ಇದೆಲ್ಲ ನಡೆದದ್ದು ನಿಜ ಎಂದು ಹೇಳಲು ಇನ್ನೂ ಮೂವರು ಇದ್ದಾರೆ. ಗಂಗಣ್ಣ ಇದ್ದಾನೆ, ಅಂಗಡಿ ದೊಡ್ಡದಾಗಿದೆ, ಕಂಡರೆ ಇಂದಿಗೂ ಒಂದು ಪ್ರತಿ ತಗೊಳ್ಳಿ ಎನ್ನುತ್ತಾನೆ. ರೇಣುಕಾ ಇದ್ದಾಳೆ, ವಕೀಲೆಯಾಗಿದ್ದಾಳೆ, ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಹೇಳಿ ಆಮೇಲೆ ಕೆಡವುತ್ತಾಳೆಂದು ಕೇಳಿದ್ದೇನೆ. ಮೂರನೆಯವಳು ಪದ್ಮ. ಅವಳು ಅಂದು ಕಾಫಿ ತಂದಿಟ್ಟು, ನನ್ನ ಹೆಗಲ ಮೇಲಿಂದ ಬಗ್ಗಿ ನೋಟಿಸನ್ನು ಪೂರ್ತಿ ಓದಿದಳು. ತಲೆದೂಗಿದಳು. ಆಮೇಲೆ ಮೇಜಿನ ಡ್ರಾ ಎಳೆದು, ಆ ಭಾನುವಾರ ನಾನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ ಸ್ಟಾಂಪನ್ನು ತೆಗೆದು, ಶಾಯಿಗೆ ಅದ್ದಿ, ನೋಟಿಸಿನ ನೆತ್ತಿಯ ಮೇಲೆ, ನೇರವಾಗಿ, ಒಂದು ಒತ್ತಿದಳು.