ಗಾಡಿ ಇಲ್ಲದ ಮೇಜರ್

"ಇವತ್ತು ಈ ಮನೇಲಿ ಒಬ್ಬ ಚಾಂಪಿಯನ್ ಎದ್ದು ನಿಂತ್ಕತಾನೆ. ಕಣ್ತುಂಬ ನೋಡ್ಕಬುಡಿ. ಆಮೇಲೆ ನೋಡ್ಲಿಲ್ಲ ಅನ್ಬ್ಯಾಡಿ" ಎಂದು ಸ್ವಾಮಿ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ಘೋಷಿಸಿದ.

ಕೇಳಿಸಿಕೊಳ್ಳಲು ಇದ್ದವರು ಮೂವರು. ತಾಯಿ ದೇವಿರಮ್ಮ ಸೋಫಾ ಪಕ್ಕದಲ್ಲಿ ನೆಲದ ಮೇಲೆ ಕೂತು, ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಬೇಸಿನ್ನಿಗೆ ಹಾಕುತ್ತಿದ್ದರು. ಹೆಂಡತಿ ವೀಣ ಮದ್ದೂರು ವಡೆಯ ತಟ್ಟೆ ತಂದು ಟೀಪಾಯಿಯ ಮೇಲಿಟ್ಟಳು. ವೀಣಳ ತಮ್ಮ ರಘುನಂದನ್ ಮಂಡ್ಯದಿಂದ ತಂದಿದ್ದ ವಿಡಿಯೊ ಗೇಮಿನ ಪೆಟ್ಟಿಗೆಯ ವೈರುಗಳನ್ನು ಟಿವಿಗೆ ಸಿಕ್ಕಿಸುತ್ತಿದ್ದ. ಚಪ್ಪಾಳೆ ಮಾತ್ರ ಯಾರೂ ತಟ್ಟಲಿಲ್ಲ.

"ಯಾವುದ್ರಲ್ಲಿ ಚಾಂಪಿಯನ್ ಕಣ್ಲಾ? ಮುದ್ದೆ ಉಣ್ಣೋದ್ರಲ್ಲಾ?" ಎಂದರು ದೇವಿರಮ್ಮ.

ಸ್ವಾಮಿ ಮಳವಳ್ಳಿಯಲ್ಲಿ ಡ್ರೈವಿಂಗ್ ಸ್ಕೂಲು ನಡೆಸುವವನು. ಊರಿನಲ್ಲಿ ಎದುರು ಬರುವ ಗಾಡಿ ಮರ್ಯಾದೆಯಾಗಿ ದಾರಿ ಬಿಟ್ಟರೆ ಅದನ್ನು ಓಡಿಸುತ್ತಿರುವವನು ತನ್ನ ಶಿಷ್ಯ, ಮೈಮೇಲೆ ನುಗ್ಗಿ ಬಂದರೆ ಬೇರೆ ಸ್ಕೂಲಿನವನು ಎಂಬುದು ಅವನ ಸಿದ್ಧಾಂತ. ದಲ್ಲಾಳಿ, ಡಾಕ್ಟರು, ರಿಟೈರಾದ ಮೇಷ್ಟ್ರು, ಹೊಸದಾಗಿ ಮದುವೆಯಾದ ಹುಡುಗಿಯರು, ಎಲ್ಲರಿಗೂ ಅವನು ಸ್ಟೇರಿಂಗ್ ಹಿಡಿಯಲು ಕಲಿಸಿದ್ದಾನೆ. ಕಲಿಸದೇ ಉಳಿದದ್ದು ಒಬ್ಬರಿಗೆ. ಆ ಒಬ್ಬರು ಅವನ ಮನೆಯಲ್ಲೇ ಇದ್ದರು.

ವೀಣ ಕಿರುಗಾವಲಿನ ಸ್ಕೂಲಿನಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡಿಕೊಂಡು ಹೋಗಿ, ನೇತಾಡಿಕೊಂಡೇ ಬರುವವಳು. ಮನೆಯ ಮುಂದೆ ಬಿಳಿ ಕಾರು ಹೊದಿಕೆ ಹೊದ್ದು ಮಲಗಿರುತ್ತಿತ್ತು. "ಕಾರು ಕಲಿಸ್ರಿ" ಎಂದರೆ ಸ್ವಾಮಿ "ಆಷಾಢ ಕಳೀಲಿ" ಎನ್ನುತ್ತಿದ್ದ. ಆಷಾಢ ಕಳೆದರೆ ಪಿತೃಪಕ್ಷ ಬರುತ್ತಿತ್ತು. ಅದಾದ ಮೇಲೆ ಧನುರ್ಮಾಸ. ನಡುವೆ ಎಲ್ಲಾದರೂ ಒಳ್ಳೆಯ ತಿಂಗಳು ನುಸುಳಿದರೆ ಆಗ ನೆಂಟರ ಮದುವೆಗಳಿಗೆ ಓಡಾಡಲು ಕಾರು ಬೇಕಾಗುತ್ತಿತ್ತು. ಹೀಗೆ ವೀಣಳ ಎಲ್‌ಎಲ್‌ಆರ್ ಎಂಬ ಕಲಿಕೆಯ ಲೈಸೆನ್ಸು ಎರಡು ಸಲ ಹಳಸಿಹೋಗಿ, ಈಗ ಮೂರನೆಯದು ಬೀರುವಿನಲ್ಲಿ ಕಾಯುತ್ತಿತ್ತು. ನಿಜವಾದ ಕಾರಣ ಪಂಚಾಂಗದಲ್ಲಿ ಇರಲಿಲ್ಲ. ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಮನೆಯ ಬಿಳಿ ಕಾರಿನಲ್ಲಿ ಅದಿಲ್ಲ. ಬ್ರೇಕಿಲ್ಲದ ಸೀಟಿನಲ್ಲಿ ಕೂರುವುದೆಂದರೆ ಸ್ವಾಮಿಗೆ ಪ್ರಾಣಸಂಕಟ, ಆದರೆ ಇದನ್ನು ಬಾಯಿಬಿಟ್ಟು ಹೇಳಿದರೆ ಗುರುಗಳ ಮಾನ ಏನಾದೀತು?

ಇರಲಿ, ಚಾಂಪಿಯನ್ನಿನ ಕಥೆಗೆ ಬರೋಣ. ಸ್ವಾಮಿ ಮಂಡ್ಯದಲ್ಲಿ ಕಾಲೇಜು ಓದುವಾಗ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. ಅಲ್ಲಿ 'ಜೆಟ್ ಟ್ರ್ಯಾಕ್' ಎಂಬ ಆಟ. ಸಾವಿರ ವರ್ಷ ಆದಮೇಲೆ ನಡೆಯುವ ರೇಸು ಅದು. ಗಾಡಿಗಳಿಗೆ ಚಕ್ರವೇ ಇಲ್ಲ, ನೆಲಕ್ಕೆ ತಾಗದೆ ಗಾಳಿಯಲ್ಲಿ ತೇಲಿಕೊಂಡು ಹೋಗುತ್ತವೆ. ಹಂಪು, ಹಾರ್ನು, ಆರ್‌ಟಿಓ ಯಾವುದರ ಕಾಟವೂ ಇಲ್ಲ. ನೀಲಿ ಹೆಲ್ಮೆಟ್ಟಿನ ಮೇಜರ್ ಟರ್ಬೊ ಆ ಆಟದ ದೊಡ್ಡ ಡ್ರೈವರು, ಮೇಜರ್ ಟರ್ಬೊನನ್ನು ಓಡಿಸುವವರಲ್ಲಿ ಸ್ವಾಮಿ ದೊಡ್ಡ ಡ್ರೈವರು. ಕೊನೆಯ ತಿರುವಿನಲ್ಲಿ ರಸ್ತೆ ಬಿಟ್ಟು ಫುಲ್ ಸ್ಪೀಡಿನಲ್ಲಿ ಅಂತರಿಕ್ಷಕ್ಕೆ ಹಾರಿದರೆ ಕೆಳಗಿನ ರಸ್ತೆಗೆ ನೇರವಾಗಿ ಬೀಳಬಹುದು ಎಂಬ ಅಡ್ಡದಾರಿ ಇಡೀ ಮಂಡ್ಯದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ವಾರದ ಹಿಂದೆ ಫೋನಿನಲ್ಲಿ ರಘು "ಭಾವ, ಹೊಸ ಆಟ ತಗಂಡಿದ್ದೀನಿ, ಅದ್ರಲ್ಲಿ ಮೇಜರ್ ಟರ್ಬೊ ಅವ್ನೆ" ಎಂದಿದ್ದೇ ತಡ, ಸ್ವಾಮಿಯ ರಕ್ತ ಬಿಸಿಯಾಯಿತು. ಅಂದಿನಿಂದ ಸ್ಕೂಲಿನ ಕಾರಿನಲ್ಲಿ ಕಲಿಯುವವರು ಗಂಟೆಗೆ ಇಪ್ಪತ್ತರಲ್ಲಿ ಹೋಗುತ್ತಿದ್ದರೆ ಪಕ್ಕದಲ್ಲಿ ಗುರುಗಳು ಸಾವಿರದಲ್ಲಿ ಹೋಗುತ್ತಿದ್ದರು.

"ಅಷ್ಟು ಧೈರ್ಯ ಇದ್ರೆ ಪಂದ್ಯ ಕಟ್ಟಿ" ಎಂದಳು ವೀಣ. "ಮೂರಾಟ. ಗೆದ್ರೆ ನಾನಿನ್ನು ಕಾರಿನ ಸುದ್ದಿ ಎತ್ತಲ್ಲ. ಸೋತ್ರೆ?"

"ಸೋತ್ರೆ ಕಾರಿನ ಕೀ ನಿನ್ ಕೈಗೆ. ಇವತ್ತೇ" ಎಂದ ಸ್ವಾಮಿ. ಸೋಲುವವನು ತಾನಲ್ಲ ಎಂದು ಗೊತ್ತಿರುವಾಗ ಕರ್ಣನಾಗಲು ಯಾರಿಗೇನು ಕಷ್ಟ?

"ಅತ್ತೆ, ನೀವೇ ಸಾಕ್ಷಿ" ಎಂದಳು ವೀಣ. ದೇವಿರಮ್ಮ ಒಂದು ಕಾಳು ಹಿತುಕಿ ಹೂಂಗುಟ್ಟಿದರು.

ಟಿವಿ ಹತ್ತಿಕೊಂಡಿತು. ಝಗಮಗ ಬೆಳಕು, ಡೋಲು, ಗುಡುಗು. ಪರದೆಯ ಮೇಲೆ ಬಂದು ನಿಂತ, ನೀಲಿ ಹೆಲ್ಮೆಟ್ಟಿನ ಮೇಜರ್ ಟರ್ಬೊ. ಸ್ವಾಮಿಗೆ ಕಾಲೇಜಿನ ಗೆಳೆಯನೊಬ್ಬ ಸಂತೆಯಲ್ಲಿ ಎದುರಾದಂತೆ ಅನ್ನಿಸಿತು. ಆದರೆ ಏನೋ ಕಡಿಮೆಯಾಗಿದೆಯಲ್ಲ?

"ಗಾಡಿ ಎಲ್ಲೋ?"

"ಗಾಡಿ ಇಲ್ಲ ಭಾವ. ಇದು ಫೈಟಿಂಗ್ ಗೇಮು. ಬೇರೆ ಬೇರೆ ಆಟದ ಈರೋಗಳ್ನೆಲ್ಲ ಒಂದೇ ಕಡೆ ಸೇರ್ಸಿ ಒಡೆದಾಡ್ಸೋದು. ಬೀಗರೂಟ ಇದ್ದಂಗೆ."

"ರೇಸು?"

"ರೇಸಿನ ಆಟ ನಿಲ್ಸಿ ಇಪ್ಪತ್ತು ವರ್ಷ ಆಯ್ತಲ್ಲ ಭಾವ. ಮೇಜರ್‌ನ ಮಾತ್ರ ಇಲ್ಲಿಗೆ ಕರ್ಕಬಂದ್ರು. ಈಗಿನ್ ಹುಡುಗ್ರಿಗೆ ಇವ್ನು ಡ್ರೈವರ್ರು ಅಂತ್ಲೇ ಗೊತ್ತಿಲ್ಲ. ಗುದ್ದೋನು ಅಂತ ಅಷ್ಟೇ ಗೊತ್ತು."

ಸ್ವಾಮಿಗೆ ನಿಜವಾಗಿಯೂ ನೋವಾಯಿತು. ಅಂಥಾ ಡ್ರೈವರನ್ನು ಗಾಡಿಯಿಂದ ಇಳಿಸಿ ಬೀದಿ ಜಗಳಕ್ಕೆ ಬಿಡುವುದೇ? "ಲೈಸೆನ್ಸಿಗೆ ಮಾಡೋ ಅವಮಾನ ಇದು" ಎಂದು ಹಲ್ಲು ಕಡಿದು ಕೂತ. ರಘು ಕೊಟ್ಟ, ಆಟ ಆಡಿಸುವ ಗುಂಡಿಗಳ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಸ್ಟೇರಿಂಗಿನಂತೆ ಹಿಡಿದ.

ಮೊದಲನೆಯ ಆಟ ಶುರುವಾಯಿತು. ರಘುವಿನ ಕಡೆಯವನು ಕೊಡಲಿ ಹಿಡಿದ ಒಬ್ಬ ದಡಿಯ. ಹೋರಾಟದ ಜಾಗ ಆಕಾಶದಲ್ಲಿ ತೇಲುವ ಒಂದು ಜಗಲಿ. ದಡಿಯ ಹತ್ತಿರ ಬರುವಷ್ಟರಲ್ಲಿ ಸ್ವಾಮಿಯ ಕಣ್ಣಿಗೆ ಜಗಲಿಯ ತುದಿ ಕಂಡಿತು. ಹಳೆಯ ಬೆರಳುಗಳಿಗೆ ಹಳೆಯ ನೆನಪು ಉಕ್ಕಿ ಬಂತು. "ನೋಡ್ಲಾ ರಘು, ಅಡ್ಡದಾರಿ!" ಎಂದು ಕೂಗುತ್ತಾ ಮೇಜರ್‌ನನ್ನು ಫುಲ್ ಸ್ಪೀಡಿನಲ್ಲಿ ಓಡಿಸಿ ತುದಿಯಿಂದ ಆಚೆ ಹಾರಿಸಿಯೇ ಬಿಟ್ಟ.

ಕೆಳಗೆ ರಸ್ತೆ ಇರಲಿಲ್ಲ. ಮೋಡ ಇತ್ತು. ಮೇಜರ್ ಮೋಡದೊಳಗೆ ಹೋದವನು ಹೋದ.

ಆಟದಲ್ಲಿ ಒಬ್ಬೊಬ್ಬನಿಗೆ ಮೂರು ಜೀವ. ಸ್ವಾಮಿ ಇನ್ನೂ ಎರಡು ಸಲ ಆ ಅಡ್ಡದಾರಿಯನ್ನು ಹುಡುಕಿದ. ರಘು ಕೈಯನ್ನೇ ಎತ್ತದೆ ಗೆದ್ದ.

"ತಾನೇ ಬಾವಿಗೆ ಬಿದ್ದವ್ನ ಯಾರ್ ತಳ್ಳಬೇಕು" ಎಂದರು ದೇವಿರಮ್ಮ.

ಎರಡನೆಯ ಆಟದಲ್ಲಿ ಸ್ವಾಮಿ ಬುದ್ಧಿ ಕಲಿತ. ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಮೇಜರ್‌ನ ಮುಷ್ಟಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ಸರಿಯಾದ ಗಳಿಗೆಯಲ್ಲಿ ಬಿಟ್ಟರೆ ಎದುರಾಳಿ ಆಕಾಶ ಸೇರುತ್ತಾನೆ. ಅರೆ, ಇದು ಕ್ಲಚ್ಚೇ ಅಲ್ಲವೇ! ಹಿಡಿಯುವುದಲ್ಲ, ಬಿಡುವುದೇ ವಿದ್ಯೆ. ಜೀವಮಾನವೆಲ್ಲ ಅವನು ಬೋಧಿಸಿದ್ದು ಅದನ್ನೇ. ಹಿಡಿದ, ಕಾದ, ಬಿಟ್ಟ. ಕೊಡಲಿ ಸಮೇತ ದಡಿಯ ಹಾರಿಹೋದ. ಇನ್ನೊಮ್ಮೆ ಹಿಡಿದ, ಬಿಟ್ಟ. ಮತ್ತೆ ಹಾರಿದ! ರಘು ಬೆವರಿದ. ವೀಣ ಸೆರಗು ಸಿಕ್ಕಿಸಿ ನಿಂತಳು. ದೇವಿರಮ್ಮನವರೂ ಕಾಳು ಹಿತುಕುವುದನ್ನು ಬಿಟ್ಟು "ಒಡಿಲಾ ಅವ್ನ, ಬುಡಬ್ಯಾಡ" ಎಂದು ಮಗನ ಪಕ್ಷ ಸೇರಿದರು. ಸ್ವಾಮಿ ಗೆದ್ದೇ ಗೆದ್ದ.

"ಒಂದೊಂದು ಸಮ" ಎಂದು ಮೀಸೆ ತಿರುವಿದ. "ಬಾರ್ಲಾ ಕೊನೇದಕ್ಕೆ."

"ಕೊನೇದು ನಾನಾಡ್ತೀನಿ" ಎಂದಳು ವೀಣ. ತಮ್ಮನ ಕೈಯಿಂದ ಗುಂಡಿಗಳ ಪೆಟ್ಟಿಗೆ ತೆಗೆದುಕೊಂಡು ಗಂಡನ ಬಲಪಕ್ಕಕ್ಕೆ ಬಂದು ಕೂತಳು. ಅವಳೂ ಮೇಜರ್ ಟರ್ಬೊನನ್ನೇ ಆರಿಸಿಕೊಂಡಳು. ಇವನದು ನೀಲಿ, ಅವಳದು ಕೆಂಪು. ಸ್ವಾಮಿ ಹೊಟ್ಟೆ ಹಿಡಿದು ನಕ್ಕ. ಕೀ ಉಳಿಯಿತು ಎಂದು ಆಗಲೇ ಲೆಕ್ಕ ಹಾಕಿದ್ದ.

ವೀಣಳಿಗೆ ಏನೂ ಗೊತ್ತಿರಲಿಲ್ಲ. ಸಿಕ್ಕ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿದಳು. ಕೆಂಪು ಮೇಜರ್ ಕುಣಿದ, ಕೂತ, ಬೆನ್ನು ತಿರುಗಿಸಿ ನಿಂತ. ಸ್ವಾಮಿ ಅವಳ ಎರಡು ಜೀವ ತೆಗೆದ. ಸುಮ್ಮನೆ ಮೂರನೆಯದನ್ನೂ ತೆಗೆದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಬಲಪಕ್ಕದಲ್ಲಿ ಕೂತು ಒಬ್ಬರು ತಪ್ಪು ತಪ್ಪಾಗಿ ಓಡಿಸುತ್ತಿದ್ದಾರೆ. ಎಡಪಕ್ಕದಲ್ಲಿ ತಾನಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಸುಬಿನ ಗುಣವೂ ಹಾಗೆಯೇ.

"ಅಂಗಲ್ಲ ಕಣೆ, ಎಲ್ಲಾನೂ ಒಟ್ಟಿಗೆ ಒತ್ತಬ್ಯಾಡ. ಒಂದೇ ಒಂದು. ಆ ಕೆಂಪು ಗುಂಡಿ ನೋಡು."

"ಇದಾ?"

"ಅದೇ. ಒತ್ತಿ ಇಡ್ಕೊ. ಗಾಬ್ರಿ ಆಗ್ಬ್ಯಾಡ, ಭುಜ ಸಡಿಲ ಬುಡು. ಮುಂದೆ ನೋಡು, ಕೈ ನೋಡ್ಬ್ಯಾಡ. ಯಾರವ್ರೆ ಮುಂದೆ?"

"ನೀವು."

"ಹಾ, ನಾನವ್ನೆ. ಅತ್ರ ಬರೋಗಂಟ ಕಾಯಿ. ಇಡ್ಕೊ, ಇಡ್ಕೊ… ಈಗ ನಿಧಾನಕ್ಕೆ ಬುಡು."

ವೀಣ ಬಿಟ್ಟಳು. ನೀಲಿ ಮೇಜರ್ ಆಕಾಶ ಸೇರಿದ.

"ಸಭಾಷ್! ನೋಡ್ದಾ, ಎಷ್ಟ್ ಸಲೀಸು" ಎಂದು ಸ್ವಾಮಿ ಚಪ್ಪಾಳೆ ತಟ್ಟಿದ. ಹಾರಿದ್ದು ತಾನು ಎಂಬುದು ಆಮೇಲೆ ಹೊಳೆಯಿತು. ಹೊಳೆಯುವಷ್ಟರಲ್ಲಿ ಅವಳು ಪಾಠವನ್ನು ಮತ್ತೊಮ್ಮೆ ಒಪ್ಪಿಸಿಯಾಗಿತ್ತು. ಉಳಿದದ್ದು ಇಬ್ಬರಿಗೂ ಒಂದೊಂದೇ ಜೀವ.

ಈಗ ಅವಳ ಮುಷ್ಟಿಗೆ ಮೂರನೆಯ ಸಲ ಬೆಂಕಿ ಹತ್ತಿತು. ಹೊಡೆತ ತಾಗಿದ ನೀಲಿ ಮೇಜರ್ ಜಗಲಿಯ ತುದಿಯ ಕಡೆಗೆ ಜಾರತೊಡಗಿದ. "ಬ್ರೇಕ್! ಬ್ರೇಕ್!" ಎಂದು ಕಿರುಚಿದ ಸ್ವಾಮಿ ಬಲಗಾಲಿನಿಂದ ಶಕ್ತಿಮೀರಿ ಬ್ರೇಕು ತುಳಿದ.

ಬ್ರೇಕು ಇರಬೇಕಾದ ಜಾಗದಲ್ಲಿ ಟೀಪಾಯಿಯ ಕಾಲು ಇತ್ತು. ಟೀಪಾಯಿ ಹೋಗಿ ದೇವಿರಮ್ಮನವರ ಬೇಸಿನ್ನಿಗೆ ಗುದ್ದಿತು. ವಡೆಗಳು ಅಂತರಿಕ್ಷಕ್ಕೆ ಹಾರಿದವು. ಹಿತುಕಿದ ಅವರೆಬೇಳೆ ನೀರಿನ ಸಮೇತ ನಡುಮನೆ ತುಂಬಾ ಹರಡಿತು. ಮೇಜರ್‌ನನ್ನು ಉಳಿಸಲು ಧಡಕ್ಕನೆ ಎದ್ದು ನಿಂತ ಸ್ವಾಮಿಯ ಎರಡೂ ಪಾದ ಆ ಬೇಳೆಯ ಮೇಲೇ ಇದ್ದವು. ಹಿತುಕಿದ ಅವರೆಬೇಳೆಗಿಂತ ಜಾರುವ ಪದಾರ್ಥ ಮೂರು ಲೋಕದಲ್ಲಿ ಇನ್ನೊಂದಿಲ್ಲ. ಚಕ್ರವಿಲ್ಲದ ಗಾಡಿ ನೆಲಕ್ಕೆ ತಾಗದೆ ತೇಲುವುದು ಸಾವಿರ ವರ್ಷ ಆದಮೇಲೆ ಎಂದು ಯಾರು ಹೇಳಿದರು? ಅದು ಆ ಭಾನುವಾರವೇ ಮಳವಳ್ಳಿಯಲ್ಲಿ ಆಗಿಹೋಯಿತು. ಸ್ವಾಮಿ ಸೋಫಾದಿಂದ ಬಾಗಿಲ ತನಕ ನಿಂತ ಭಂಗಿಯಲ್ಲೇ ತೇಲಿಕೊಂಡು ಹೋದ, ಸಿಕ್ಕಿದ್ದಕ್ಕೆ ಕೈ ಹಾಕಿದ, ಸಿಕ್ಕಿದ್ದನ್ನು ಕಿತ್ತುಕೊಂಡು ಕೆಳಗೆ ಬಿದ್ದ.

ಸಿಕ್ಕಿದ್ದು ಗೋಡೆಗೆ ಹೊಡೆದಿದ್ದ, ಕೀಗಳನ್ನು ನೇತುಹಾಕುವ ಹಲಗೆ.

ಟಿವಿಯಲ್ಲಿ ಕೆಂಪು ಮೇಜರ್ ಕೈ ಕಟ್ಟಿಕೊಂಡು ಗೆಲುವಿನ ನಗೆ ನಗುತ್ತಿದ್ದ. ವೀಣ ಬೇಳೆಯನ್ನು ತುಳಿಯದಂತೆ ನಿಧಾನವಾಗಿ ನಡೆದು ಬಂದಳು. ಗಂಡನಿಗೆ ಪೆಟ್ಟಾಗಿದೆಯೇ ಎಂದು ತಲೆ, ಬೆನ್ನು, ಮಂಡಿ ಮುಟ್ಟಿ ನೋಡಿದಳು. ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ಅವನ ಬೆರಳಿಗೆ ಸಿಕ್ಕಿಕೊಂಡಿದ್ದ ಕಾರಿನ ಕೀಯನ್ನು ಬಿಡಿಸಿಕೊಂಡಳು.

"ಇಷ್ಟು ಚೆನ್ನಾಗಿ ಹೇಳ್ಕೊಡ್ತೀರಲ್ರೀ" ಎಂದಳು. ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಊರಿಗೆಲ್ಲ ಹೇಳ್ಕೊಟ್ರಿ. ನಂಗೆ ಮಾತ್ರ ಯಾಕೆ ಹೇಳ್ಕೊಡ್ಲಿಲ್ಲ?"

ಸ್ವಾಮಿ ಕೊನೆಯ ಆಸೆಯಿಂದ ಮಲಗಿದ್ದಲ್ಲಿಂದಲೇ, "ಧನುರ್ಮಾಸ…" ಎಂದು ಶುರು ಮಾಡಿದ.

"ಮುಚ್ಲಾ ಬಾಯ" ಎಂದರು ದೇವಿರಮ್ಮ, ಸೋಫಾದ ಅಡಿಯಿಂದ ಬೇಳೆ ಬಾಚುತ್ತಾ. "ಧನುರ್ಮಾಸ್ದಲ್ಲಿ ಕಾರು ಕಲೀಬಾರ್ದು ಅಂತ ಯಾವ್ ಸಾಸ್ತ್ರದಲ್ಲಿ ಅದೆ? ನೀನು ಟ್ರ್ಯಾಕ್ಟ್ರ ತಕಂಡೋಗಿ ನಾಲೆಗೆ ಇಳ್ಸಿದ್ದು ಯುಗಾದಿ ದಿನ ಅಲ್ವೇನ್ಲಾ?"

ಸಾಕ್ಷಿಯೇ ಹೀಗೆ ತಿರುಗಿ ನಿಂತ ಮೇಲೆ ಇನ್ನೇನು ಉಳಿಯಿತು?

ತೊಳೆದ ಬೇಳೆಯ ಸಾರು, ಮುದ್ದೆ ಉಂಡು, ಮಧ್ಯಾಹ್ನ ಬಿಳಿ ಕಾರಿನ ಹೊದಿಕೆ ತೆಗೆದರು. ಹಿಂದಿನ ಸೀಟಿನಲ್ಲಿ ದೇವಿರಮ್ಮ ಮತ್ತು ರಘು, ಬಲಗಡೆ ವೀಣ, ಎಡಗಡೆ ಸ್ವಾಮಿ. ಕಾರು ಎರಡು ಸಲ ಕೆಮ್ಮಿ ನಿಂತಿತು. ಮೂರನೆಯ ಸಲ ವೀಣ ಭುಜ ಸಡಿಲ ಬಿಟ್ಟು, ಮುಂದೆ ನೋಡಿ, ಹಿಡಿದು, ಕಾದು, ನಿಧಾನಕ್ಕೆ ಬಿಟ್ಟಳು. ಕಾರು ಬೆಣ್ಣೆಯ ಹಾಗೆ ಹೊರಟಿತು. ಸ್ವಾಮಿಗೆ ಅದನ್ನು ನೋಡಿ ಎದೆ ತುಂಬಿತು, ಎರಡೂ ಕೈ ಮಾತ್ರ ಬಾಗಿಲ ಹಿಡಿಯನ್ನು ಬಿಡಲಿಲ್ಲ.

ಕಿರುಗಾವಲಿನ ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ಅಡ್ಡ ಸಿಕ್ಕಿತು. ವೀಣ ಅದರ ಹಿಂದೆ ತಾಳ್ಮೆಯಿಂದ ಉರುಳಿಸುತ್ತಿದ್ದಳು. "ಇಲ್ಲಿ ಎಡಕ್ಕೆ ತಿರುಗುದ್ರೆ ನಾಲೆ ಏರಿ ಮೇಲೊಂದು ಅಡ್ಡದಾರಿ ಅದೆ" ಎಂದ ಸ್ವಾಮಿ.

"ನಿಮ್ಮ ಅಡ್ಡದಾರೀನ ಬೆಳಿಗ್ಗೆನೇ ನೋಡುದ್ವಿ" ಎಂದಳು ವೀಣ.

ಟ್ರ್ಯಾಕ್ಟರು ಸ್ವಲ್ಪ ನಿಧಾನವಾಯಿತು. ಸ್ವಾಮಿಯ ಕಾಲು ತಾನಾಗಿಯೇ ಮುಂದೆ ಹೋಗಿ ಕಾರಿನ ನೆಲವನ್ನು ತುಳಿಯಿತು. ಮತ್ತೆ ತುಳಿಯಿತು. ಮ್ಯಾಟು ಮುದುಡಿ ಮೂಲೆ ಸೇರಿತು.

"ಅಲ್ಲಿ ಬ್ರೇಕಿಲ್ಲ ಕಣ್ರೀ" ಎಂದಳು ವೀಣ, ರಸ್ತೆಯಿಂದ ಕಣ್ಣು ತೆಗೆಯದೆ. "ನಿಮ್ಮ ಮೇಜರ್ರು ಇಪ್ಪತ್ತು ವರ್ಷದಿಂದ ಗಾಡೀನೇ ಇಲ್ದೆ ಬದುಕವ್ನೆ. ನೀವು ಬ್ರೇಕಿಲ್ದೆ ಕಿರುಗಾವಲುಗಂಟ ಬದುಕಕ್ಕಾಗಲ್ವಾ?"